ನೆಲದ ಡೊಂಕು, ಕಾಲಿನ ಡೊಂಕು

“ಕುಣಿಯಲಾರದವಳು ನೆಲ ಡೊಂಕೆಂದಳು” ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ತನ್ನ ಅಸಾಮರ್ಥ್ಯವನ್ನು ಸಾಧನದ ಮೇಲೆ ಹೊರಿಸುವವರನ್ನು ಅದು ಒಂದೇ ಮಾತಿನಲ್ಲಿ ನಾಚಿಸಿಬಿಡುತ್ತದೆ. ಆದರೆ ಗಾದೆಯು ಸತ್ಯದ ಒಂದು ಮುಖವನ್ನು ಚೆನ್ನಾಗಿ ತೋರಿಸತಕ್ಕದ್ದು. ಇನ್ನೊಂದು ಮುಖವನ್ನು ನಾವೇ ತಿರುಗಿಸಿ ನೋಡಬೇಕು. ನೆಲವು ನಿಜವಾಗಿಯೂ ಡೊಂಕಾಗಿದ್ದರೆ ಏನು? ಆಗ ಕುಣಿಯುವವಳು ಬಾಯಿಮುಚ್ಚಿಕೊಂಡಿರುವುದು ವಿನಯವೋ, ಅಸತ್ಯವೋ? ಒಂದು ಕಾರ್ಯ ಕೆಟ್ಟಾಗ ಅದರಲ್ಲಿ ನನ್ನ ಪಾಲೆಷ್ಟು, ಸಾಧನದ ಪಾಲೆಷ್ಟು ಎಂಬುದನ್ನು ನ್ಯಾಯವಾಗಿ ನಿರ್ಣಯಿಸುವ ಬಗೆ ಯಾವುದು? ಈ ಪ್ರಶ್ನೆಯನ್ನು ಒಂದು ಅಲ್ಪವಸ್ತುವನ್ನು ಮುಂದಿಟ್ಟುಕೊಂಡು ವಿಚಾರಮಾಡೋಣ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟಕ್ಕೆ ಬೇಕಾದ ಜಾಯ್‌ಸ್ಟಿಕ್ ಎಂಬ ಹಿಡಿಗೋಲೇ ಆ ವಸ್ತು.

ಆಟದ ಸಾಮಾನಿನಲ್ಲಿ ಧರ್ಮವಿಚಾರವೆಲ್ಲಿ ಬಂತೆಂದು ಕೆಲವರು ಆಕ್ಷೇಪಿಸಬಹುದು. ಪರದೆಯ ಮೇಲೆ ಬಿದ್ದ ವಿಮಾನದಿಂದ ಯಾರ ಮೈಯೂ ನೋಯದು, ನಿಜ. ಆದರೆ ಈ ಆಟದ ವಂಶವನ್ನು ನೋಡಬೇಕು. ಅಮೆರಿಕದ ಬಿಂಗ್‌ಹ್ಯಾಂಟನ್ ಪಟ್ಟಣದಲ್ಲಿ ಎಡ್ವಿನ್ ಲಿಂಕ್ ಎಂಬಾತನು, ತನ್ನ ತಂದೆಯ ಆರ್ಗನ್ ವಾದ್ಯದ ಕಾರ್ಖಾನೆಯಲ್ಲಿ ದೊರೆತ ತಿದಿಗಳನ್ನೂ ಗಾಳಿಯಂತ್ರಗಳನ್ನೂ ಜೋಡಿಸಿ, ನೆಲ ಬಿಡದೆಯೇ ವಾಲಿ ತಿರುಗುವ ಕೃತಕ ವಿಮಾನವೊಂದನ್ನು 1929ರ ವೇಳೆಗೆ ಸಿದ್ಧಪಡಿಸಿದನು. ಮೊದಲು ಅದನ್ನು ವಿನೋದವನಗಳವರು ಕೊಂಡರು. 1934ರಲ್ಲಿ ಅಂಚೆ ಸಾಗಿಸಹೊರಟ ಸೈನ್ಯದ ವೈಮಾನಿಕರಲ್ಲಿ ಹಲವರು ಕೆಟ್ಟ ಹವೆಗೆ ಸಿಕ್ಕಿ ಮಡಿದ ಮೇಲೆಯೇ ಸೈನ್ಯವು ಅಂಥ ಆರು ಯಂತ್ರಗಳನ್ನು ತರಿಸಿಕೊಂಡಿತು. ವಿನೋದಕ್ಕೆ ಹುಟ್ಟಿದ್ದು ಪ್ರಾಣರಕ್ಷಣೆಯ ವಿದ್ಯೆಯಾಯಿತು. ಮುಂದೆ 1982ರಲ್ಲಿ ಬ್ರೂಸ್ ಆರ್ಟ್‌ವಿಕ್ ರಚಿಸಿದ ಫ್ಲೈಟ್ ಸಿಮ್ಯುಲೇಟರನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಹೊರತಂದಾಗ, ಅದೇ ವಿದ್ಯೆ ಮತ್ತೆ ವಿನೋದವಾಗಿ ಮನೆಮನೆಯ ಮೇಜಿಗೆ ಬಂದಿತು. ಆಟಕ್ಕೂ ಅಭ್ಯಾಸಕ್ಕೂ ನಡುವಣ ಗೋಡೆ ನಾವೆಣಿಸಿದಷ್ಟು ದಪ್ಪವಲ್ಲ.

ಈಗ ಹಿಡಿಗೋಲನ್ನು ಆರಿಸುವ ಮಾತು. ಯಾವ ವಿಮಾನವನ್ನು ನಡೆಸಬೇಕೆಂಬುದೇ ಇಲ್ಲಿ ಮೊದಲ ಪ್ರಶ್ನೆ. ಸೆಸ್ನಾ 172ರಂಥ ಸಣ್ಣ ವಿಮಾನದಲ್ಲಿ ಇರುವುದು ಕೋಲಲ್ಲ, ಚುಕ್ಕಾಣಿಯನ್ನು ಹೋಲುವ ಯೋಕ್. ಏರ್‌ಬಸ್ 320ರಲ್ಲಿ ನಾಯಕನ ಎಡಗೈಯ ಬಳಿ ಗಿಡ್ಡ ಹಿಡಿಗೋಲಿದೆ. ಅದನ್ನು ಅಭ್ಯಸಿಸುವವನಿಗೆ ಬಲಗೈಗೆಂದೇ ಕೆತ್ತಿದ ಹಿಡಿ ಒಗ್ಗದು. ಎರಡನೆಯ ಪ್ರಶ್ನೆ ಒಳಗಿನ ಅಳತೆಯದು. ಅಗ್ಗದ ಹಿಡಿಗಳಲ್ಲಿ ಪೊಟೆನ್ಷಿಯೋಮೀಟರ್ ಇರುವುದು. ಅದರಲ್ಲಿ ಒಂದು ಲೋಹದ ನಾಲಗೆ ಪಟ್ಟಿಯೊಂದರ ಮೇಲೆ ಉಜ್ಜುತ್ತ ಸಾಗುತ್ತದೆ. ವರ್ಷಗಳು ಕಳೆದಂತೆ ಪಟ್ಟಿ ಸವೆದು, ಧೂಳು ಸೇರಿ, ಅಳತೆ ನಡುಗತೊಡಗುತ್ತದೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ತತ್ತ್ವದಿಂದ ನಡೆಯುವ ಹಿಡಿಗಳಲ್ಲಿ ಅಯಸ್ಕಾಂತದ ಚಲನೆಯನ್ನು ಮುಟ್ಟದೆಯೇ ಅಳೆಯುವುದರಿಂದ ಆ ಬಗೆಯ ಸವೆತವಿಲ್ಲ. ಸ್ಪ್ರಿಂಗು ಸಡಿಲವಾದರೆ ಮಾತ್ರ ಅವೂ ನಡುಸ್ಥಾನವನ್ನು ಮರೆಯುತ್ತವೆ. ಇನ್ನು 1,024 ಮೆಟ್ಟಿಲುಗಳ ಅಳತೆಯೋ 65,536 ಮೆಟ್ಟಿಲುಗಳ ಅಳತೆಯೋ ಎಂಬ ಜಾಹೀರಾತಿನ ಪೈಪೋಟಿಗೆ ಹೆಚ್ಚು ಕಿವಿಗೊಡಬೇಕಾದುದಿಲ್ಲ. ಅಕ್ಕಸಾಲಿಗನ ತಕ್ಕಡಿಯಲ್ಲಿ ಕುಂಬಳಕಾಯಿಯನ್ನು ತೂಗಿದರೆ ಕುಂಬಳಕಾಯಿ ಚಿನ್ನವಾಗದಷ್ಟೆ.

ನಿಜವಾದ ವಿಚಾರ ಮೊದಲಾಗುವುದು ಹೊಂದಾಣಿಕೆಯಲ್ಲಿ. ಹಿಡಿಗೋಲಿನ ನಡುವೆ ‘ಡೆಡ್ ಝೋನ್’ ಎಂಬ ನಿಶ್ಚೇಷ್ಟ ವಲಯವನ್ನು ಇಟ್ಟುಕೊಳ್ಳಬಹುದು. ಅಲ್ಲಿ ಕೈ ಕದಲಿದರೂ ವಿಮಾನ ಕದಲುವುದಿಲ್ಲ. ನೂರರಲ್ಲಿ ಎರಡು ಮೂರು ಪಾಲಿನಷ್ಟಿದ್ದರೆ ಇದು ಕ್ಷಮೆಯಂತೆ: ಬೆರಳಿನ ನಡುಕವನ್ನು ಮನಸ್ಸಿನ ಸಂಕಲ್ಪವೆಂದು ತಿಳಿಯದಿರುವುದು. ಇಪ್ಪತ್ತು ಪಾಲಿನಷ್ಟಾದರೆ ಅದೇ ಜಾಡ್ಯವಾಗುತ್ತದೆ. ಎಷ್ಟು ಸರಿಸಿದರೂ ಉತ್ತರ ಬಾರದೆ ಕೈಯು ಬೇಸತ್ತು ಬಲವಾಗಿ ತಳ್ಳುವುದು. ಅಷ್ಟರಲ್ಲಿ ಎಲ್ಲೆ ದಾಟಿ ವಿಮಾನವು ಒಮ್ಮೆಗೇ ವಾಲುವುದು. ಇದಲ್ಲದೆ ಕೈಯ ಚಲನೆಗೂ ವಿಮಾನದ ಪ್ರತಿಕ್ರಿಯೆಗೂ ಇರುವ ಪ್ರಮಾಣವನ್ನು ಬಾಗಿಸಬಹುದು. ಅರ್ಧದೂರ ಸರಿಸಿದಾಗ ಕಾಲುಭಾಗದ ಆಜ್ಞೆ ಮಾತ್ರ ತಲಪುವಂತೆ ಮಾಡಿದರೆ ನಡುವೆ ಬಹಳ ಮೃದು ಎನಿಸುತ್ತದೆ. ಆದರೆ ಉಳಿದ ಅರ್ಧದೂರದಲ್ಲಿ ಮುಕ್ಕಾಲುಭಾಗವನ್ನು ತುಂಬಲೇಬೇಕು. ನಡುವೆ ಗಳಿಸಿದ ನಯವನ್ನು ಕೊನೆಯಲ್ಲಿ ಒರಟಾಗಿ ತೀರಿಸಬೇಕಾಗುವುದು. ಹೊಂದಾಣಿಕೆಯಿಂದ ಕಷ್ಟವು ಸ್ಥಳಾಂತರವಾಗುತ್ತದೆಯೇ ಹೊರತು ನಾಶವಾಗುವುದಿಲ್ಲ. ಎಲ್ಲಿ ಅದನ್ನು ತಾಳಬಲ್ಲೆವೋ ಅಲ್ಲಿಗೆ ಕಳುಹಿಸುವುದಷ್ಟೇ ವಿವೇಕ.

ಇದು ಬರಿಯ ಆಟದ ಲೆಕ್ಕವಲ್ಲವೆಂಬುದಕ್ಕೆ ಒಂದು ನಿದರ್ಶನ ಸಾಕು. 1974ರ ಜನವರಿ 20ರಂದು ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯಲ್ಲಿ ವೈಎಫ್-16 ಎಂಬ ಹೊಸ ಯುದ್ಧವಿಮಾನವನ್ನು ಫಿಲ್ ಓಸ್ಟ್ರೈಕರ್ ಎಂಬ ಪರೀಕ್ಷಕನು ನೆಲದ ಮೇಲೆಯೇ ವೇಗವಾಗಿ ಓಡಿಸಿ ನೋಡುತ್ತಿದ್ದನು. ಹಾರುವ ಉದ್ದೇಶವಿರಲಿಲ್ಲ. ಅದರ ಹಿಡಿಯು ಕದಲುತ್ತಲೇ ಇರಲಿಲ್ಲ. ಕೈಯ ಒತ್ತಡವನ್ನು ಮಾತ್ರ ಅಳೆಯುತ್ತಿತ್ತು. ಮಗ್ಗುಲಿಗೆ ವಾಲಿಸುವ ಆಜ್ಞೆಯ ಸೂಕ್ಷ್ಮತೆಯನ್ನು ಅತಿಯಾಗಿ ಇಟ್ಟಿದ್ದುದರಿಂದ ವಿಮಾನವು ಎಡಕ್ಕೂ ಬಲಕ್ಕೂ ಹೊಯ್ದಾಡಿ, ಬಾಲದ ರೆಕ್ಕೆ ನೆಲಕ್ಕೆ ತಗುಲಿತು. ತಡೆಯಹೋದರೆ ಅಪಾಯವೆಂದರಿತ ಆತನು ವಿಮಾನವನ್ನು ಮೇಲಕ್ಕೆತ್ತಿ, ಆರು ನಿಮಿಷಗಳ ತರುವಾಯ ಸುರಕ್ಷಿತವಾಗಿ ಇಳಿಸಿದನು. ಅನಂತರ ಸೂಕ್ಷ್ಮತೆಯನ್ನು ತಿದ್ದಲಾಯಿತು. ಮುಂದಿನ ವಿಮಾನಗಳಲ್ಲಿ ಹಿಡಿಗೆ ಸ್ವಲ್ಪ ಚಲನೆಯನ್ನೂ ಕೊಟ್ಟರು. ಬೆಂಗಳೂರಿನಲ್ಲಿ ನಿರ್ಮಿತವಾಗಿ 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ಸಿನಲ್ಲಿಯೂ ಕೈಗೂ ರೆಕ್ಕೆಗೂ ನಡುವೆ ಗಣಕಯಂತ್ರವೇ ನಿಂತಿದೆ. ಈ ಪ್ರಮಾಣದ ಪ್ರಶ್ನೆ ಅಲ್ಲಿಯೂ ತಪ್ಪಿದ್ದಲ್ಲ. ಅಂದು ಪರೀಕ್ಷಕನ ಕೈಯನ್ನು ಮಾತ್ರ ದೂಷಿಸಿ ಸುಮ್ಮನಾಗಿದ್ದರೆ, ಮುಂದೆ ಬಂದವನು ಅದೇ ಹೊಯ್ದಾಟಕ್ಕೆ ಸಿಕ್ಕುತ್ತಿರಲಿಲ್ಲವೆ? ನೆಲ ಡೊಂಕೆಂದು ಹೇಳಬೇಕಾದ ಸಂದರ್ಭವೂ ಉಂಟು. ಈ ಗಾದೆಯನ್ನು ಹೆಚ್ಚು ಉತ್ಸಾಹದಿಂದ ಹೇಳುವವರು ಅನೇಕವೇಳೆ ನೆಲವನ್ನು ಹಾಸಿದವರೇ ಆಗಿರುತ್ತಾರೆಂಬುದನ್ನು ಮರೆಯಬಾರದು. ಹರಿದ ಪುಸ್ತಕವನ್ನೂ ಕತ್ತಲೆಯ ಕೊಠಡಿಯನ್ನೂ ಕೊಟ್ಟು ಹುಡುಗನನ್ನು ದಡ್ಡನೆನ್ನುವುದು ಇದೇ ಅನ್ಯಾಯ.

ಹಾಗಾದರೆ ಸೋತವರೆಲ್ಲರೂ ನೆಲವನ್ನು ದೂರಬಹುದೇ? ಇಲ್ಲ. ಇದಕ್ಕೆ ಹಿಡಿಗೋಲೇ ಒಂದು ಪರೀಕ್ಷೆಯನ್ನು ಕಲಿಸುತ್ತದೆ: ಕೈಬಿಟ್ಟು ನೋಡುವುದು. ಪರದೆಯಲ್ಲಿ ಹಿಡಿಯ ಸ್ಥಾನವನ್ನು ತೋರಿಸುವ ಗುರುತೊಂದಿರುತ್ತದೆ. ಕೈ ತೆಗೆದ ಮೇಲೂ ಗುರುತು ನಡುಗಿದರೆ, ಇಲ್ಲವೆ ಪ್ರತಿಸಲವೂ ಬೇರೆ ಸ್ಥಾನದಲ್ಲಿ ನಿಂತರೆ, ದೋಷ ಯಂತ್ರದ್ದು. ಕೈಯಿಟ್ಟಾಗ ಮಾತ್ರ ನಡುಗಿದರೆ ದೋಷ ಬೇರೆಡೆಯಲ್ಲಿದೆ. ತೀರ್ಪು ಕೊಡುವ ಮೊದಲು ತನ್ನ ಕೈಯನ್ನು ಕ್ಷಣಕಾಲ ಹಿಂದೆಗೆದುಕೊಳ್ಳುವುದು ಎಲ್ಲ ಕಲಹಗಳಲ್ಲಿಯೂ ಒಳ್ಳೆಯ ನಿಯಮ.

ಸಾಧನವನ್ನು ತಿದ್ದುವುದು ವಂಚನೆಯೆಂದು ತಿಳಿಯುವುದೂ ತಪ್ಪು. ವೈಣಿಕನು ಮೇಣದ ಮೇಲಿನ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಮೇಳಕಟ್ಟಿಸುತ್ತಾನೆ, ತಂಬೂರಿಗೆ ಜೀವಾಳವನ್ನು ಸರಿಸುತ್ತಾನೆ. ಅದರಿಂದ ಅವನ ವಿದ್ವತ್ತಿಗೆ ಕುಂದಿಲ್ಲ. ಆದರೆ ಅವನು ಶ್ರುತಿ ಮಾಡುವುದು ಕಛೇರಿಗೆ ಮುಂಚೆ. ಅಪಸ್ವರ ಬಂದ ಕೂಡಲೆ ಬಿರಡೆಗೆ ಕೈಹಾಕಿ ಸಭೆಯತ್ತ ನೋಡುವುದು ಅವನ ಲಕ್ಷಣವಲ್ಲ. ಹಿಡಿಗೋಲಿಗೂ ಇದೇ ಮರ್ಯಾದೆ. ಒಂದು ಸಲಕ್ಕೆ ಒಂದನ್ನೇ ತಿದ್ದಬೇಕು. ತಿದ್ದಿದ ಮೇಲೆ ಕೆಲವು ದಿನ ಅದರೊಡನೆ ಬಾಳಬೇಕು. ಕೆಟ್ಟದಾಗಿ ಇಳಿದ ಸಿಟ್ಟಿನಲ್ಲಿ ಏನನ್ನೂ ಮುಟ್ಟಬಾರದು. ಪ್ರತಿದಿನವೂ ಬದಲಾಗುವ ಅಳತೆಗೋಲಿನಿಂದ ಯಾರೂ ತಮ್ಮ ಬೆಳವಣಿಗೆಯನ್ನು ಅಳೆಯಲಾರರು.

ಕೈನಡುಕವುಳ್ಳ ವೃದ್ಧರೊಬ್ಬರು ವಿಶಾಲವಾದ ನಿಶ್ಚೇಷ್ಟ ವಲಯವನ್ನಿಟ್ಟುಕೊಂಡು ಹಾರಾಟದ ಸುಖವನ್ನು ಪಡೆದರೆ ಅದರಲ್ಲಿ ಲಜ್ಜೆಯೇನೂ ಇಲ್ಲ. ಅವರು ತಮ್ಮ ಕೈಯನ್ನು ಅರಿತಿದ್ದಾರೆ. ಅದೇ ವಲಯವನ್ನು ತರುಣನು ತನ್ನ ಅಲಕ್ಷ್ಯವನ್ನು ಮುಚ್ಚಲು ಬಳಸಿದರೆ ಅವನಿಗೆ ತನ್ನ ಕೈಯ ಪರಿಚಯವೇ ಆಗುವುದಿಲ್ಲ. ಹೊಂದಾಣಿಕೆ ಒಂದೇ, ಅದು ಒಬ್ಬರಲ್ಲಿ ಆತ್ಮಜ್ಞಾನ, ಇನ್ನೊಬ್ಬರಲ್ಲಿ ಆತ್ಮವಂಚನೆ. ಆದಕಾರಣ ಸಾಧನವನ್ನು ತಿದ್ದಬೇಕೆ, ತಿದ್ದಬಾರದೆ ಎಂಬುದು ಮುಖ್ಯ ಪ್ರಶ್ನೆಯಲ್ಲ. ತಿದ್ದಿದ ಮೇಲೆ ನನ್ನ ಕೈಯ ಸತ್ಯವು ನನಗೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆಯೋ, ಮರೆಯಾಗುತ್ತದೆಯೋ ಎಂಬುದೇ ಪ್ರಶ್ನೆ. ನೆಲವನ್ನು ಸಮಮಾಡುವುದು ಕುಣಿತವನ್ನು ತಪ್ಪಿಸಿಕೊಳ್ಳುವುದಕ್ಕಲ್ಲ, ಕಾಲಿನ ಡೊಂಕನ್ನು ನಿಸ್ಸಂದೇಹವಾಗಿ ಕಾಣುವುದಕ್ಕಾಗಿ.