ಸಂಸಾರವು ಭಕ್ತಿಗೆ ಅಡ್ಡಿಯೋ?

ದೇವರಿಗೆ ತನ್ನನ್ನು ಪೂರ್ಣವಾಗಿ ಒಪ್ಪಿಸಬೇಕೆಂದಿರುವವನು ಹೆಂಡತಿ ಮಕ್ಕಳನ್ನೂ ಕಸುಬನ್ನೂ ಬಿಟ್ಟುಬಿಡಬೇಕೋ? ಇಲ್ಲವೆ ಅವುಗಳ ನಡುವೆಯೇ ಇದ್ದುಕೊಂಡು ಆತನನ್ನು ಸೇವಿಸಬಹುದೋ? ಈ ಪ್ರಶ್ನೆಯು ಬಹು ಹಳೆಯದು. ನಮ್ಮ ದೇಶದವರು ಸನ್ಯಾಸಿಯನ್ನೂ ಗೃಹಸ್ಥನನ್ನೂ ಕುರಿತು ಇದನ್ನೇ ಕೇಳುತ್ತಾ ಬಂದಿದ್ದಾರೆ.

ರೋಮನ್ ಕಥೋಲಿಕ ಸಭೆಯಲ್ಲಿ ಇದು ಮಠವನ್ನೂ ಮನೆಯನ್ನೂ ಕುರಿತು ಎದ್ದಿತು. ಆ ಸಭೆಯು ವಿವಾಹವನ್ನು ಏಳು ಸಂಸ್ಕಾರಗಳಲ್ಲಿ ಒಂದೆಂದು ಮಾನ್ಯಮಾಡುವುದಾದರೂ, 1563ರಲ್ಲಿ ತ್ರೆಂತ್ ಪಟ್ಟಣದಲ್ಲಿ ಕೂಡಿದ್ದ ಮಹಾಸಭೆಯು ದೇವರಿಗೋಸ್ಕರ ಕೈಕೊಂಡ ಅವಿವಾಹಿತ ಜೀವಿತವೇ ಮೇಲೆಂದು ನಿರ್ಣಯಿಸಿತು. ನಾಲ್ಕು ನೂರು ವರುಷಗಳ ಮೇಲೆ, 1964ರಲ್ಲಿ, ಎರಡನೆಯ ವಾತಿಕಾನ್ ಮಹಾಸಭೆಯು ಕ್ರೈಸ್ತ ಕುಟುಂಬವನ್ನು ಗೃಹಸಭೆಯೆಂದು ಕರೆದು, ಮಕ್ಕಳಿಗೆ ವಿಶ್ವಾಸವನ್ನು ಮೊದಲು ಸಾರತಕ್ಕವರು ತಂದೆತಾಯಿಗಳೇ ಎಂದು ಬೋಧಿಸಿತು. ಗುಡಾರ ಮಾಡುವ ಕಸುಬಿನವರಾದ ಅಕ್ವಿಲ ಪ್ರಿಸ್ಕಿಲ್ಲರ ಮನೆಯಲ್ಲಿ ಕೂಡುತ್ತಿದ್ದ ಸಭೆಗೆ ಪೌಲನು ವಂದನೆ ಹೇಳಿಕಳುಹಿಸಿದ್ದನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ.

ಹಾಗಾದರೆ ಮನೆಯಲ್ಲಿ ವಿಶ್ವಾಸವು ತೋರಿಬರುವುದು ಯಾವುದರಲ್ಲಿ? ಫ್ರಾನ್ಸ್ ದೇಶದ ಅಲಾನ್ಸೋನ್ ಪಟ್ಟಣದ ಒಂದು ಕುಟುಂಬವನ್ನು ನೋಡೋಣ. ಲೂಯಿ ಮಾರ್ಟಿನ್ ಎಂಬವನು ಗಡಿಯಾರ ಮಾಡುವವನು. ಝೆಲಿ ಎಂಬಾಕೆಯು ಸೂಜಿಯಿಂದ ಲೇಸ್ ಹೆಣೆಯುವ ಕಸುಬಿನವಳು. ಇಬ್ಬರೂ ಯೌವನದಲ್ಲಿ ಮಠವನ್ನು ಸೇರಬಯಸಿದ್ದರು. ಇಬ್ಬರಿಗೂ ಮಠದ ಬಾಗಿಲು ತೆರೆಯಲಿಲ್ಲ. 1858ರಲ್ಲಿ ಅವರು ವಿವಾಹವಾದರು. ದಿನವೂ ಮುಂಜಾನೆ ದೇವಾಲಯಕ್ಕೆ ಹೋಗುತ್ತಿದ್ದರು. ಆದರೆ ಅವರ ಭಕ್ತಿಯು ದೇವಾಲಯದ ಬಾಗಿಲಲ್ಲಿಯೇ ನಿಂತುಹೋಗಲಿಲ್ಲ. ವ್ಯಾಪಾರಕ್ಕೆ ನಷ್ಟವಾದರೂ ಲೂಯಿಯು ಆದಿತ್ಯವಾರ ಅಂಗಡಿಯನ್ನು ತೆರೆಯುತ್ತಿರಲಿಲ್ಲ. ತನಗಾಗಿ ಲೇಸ್ ಹೆಣೆಯುತ್ತಿದ್ದ ಹೆಂಗಸರನ್ನು ಝೆಲಿಯು ಮನೆಯವರಂತೆಯೇ ಕಾಣುತ್ತಿದ್ದಳು. ಹುಟ್ಟಿದ ಒಂಬತ್ತು ಮಕ್ಕಳಲ್ಲಿ ನಾಲ್ವರು 1867ರಿಂದ 1870ರೊಳಗೆ ತೀರಿಹೋದರು. 1877ರಲ್ಲಿ ತಾಯಿಯೇ ಎದೆಯ ಹುಣ್ಣಿನಿಂದ ನಾಲ್ವತ್ತೈದನೆಯ ವಯಸ್ಸಿನಲ್ಲಿ ಮರಣಹೊಂದಿದಳು. ತಂದೆಯು ಮುಪ್ಪಿನಲ್ಲಿ ಬುದ್ಧಿಭ್ರಮಣೆಗೊಳಗಾಗಿ ಮೂರು ವರುಷ ಆಸ್ಪತ್ರೆಯಲ್ಲಿದ್ದು, 1894ರಲ್ಲಿ ತೀರಿಕೊಂಡನು. ಉಳಿದ ಐವರು ಹೆಣ್ಣುಮಕ್ಕಳೂ ಸನ್ಯಾಸಿನಿಯರಾದರು. ಕಿರಿಯವಳೇ ಲಿಸ್ಯೂ ಪಟ್ಟಣದ ತೆರೇಸಳೆಂದು ಲೋಕವು ಬಲ್ಲದು. 2015ರಲ್ಲಿ ಪೋಪ್ ಫ್ರಾನ್ಸಿಸರು ಲೂಯಿ ಝೆಲಿಯರನ್ನು ಒಟ್ಟಾಗಿ ಸಂತರೆಂದು ಪ್ರಕಟಿಸಿದರು.

ಇಲ್ಲಿ ಒಂದು ಆಕ್ಷೇಪಣೆ ಹುಟ್ಟುವುದು. ಮಕ್ಕಳೆಲ್ಲರೂ ಮಠವನ್ನು ಸೇರಿದ್ದರಿಂದಲ್ಲವೇ ಆ ಮನೆಗೆ ಕೀರ್ತಿ ಬಂತು? ಹೀಗಿದ್ದರೆ ಮನೆಯು ಮಠಕ್ಕೆ ಸಸಿಮಡಿ ಮಾತ್ರವಾಯಿತಲ್ಲವೇ? ಇದಕ್ಕೆ ಲಿಯೋನಿ ಎಂಬ ಮೂರನೆಯ ಮಗಳ ಸಂಗತಿಯೇ ಉತ್ತರವು. ಅವಳು ಮಂದಬುದ್ಧಿಯ ಹಟಮಾರಿಯೆಂದು ಎಣಿಸಲ್ಪಟ್ಟಿದ್ದಳು; ಶಾಲೆಯಲ್ಲಿಯೂ ನಿಲ್ಲಲಿಲ್ಲ. ಅಷ್ಟು ಪ್ರಾರ್ಥನೆ ನಡೆಯುತ್ತಿದ್ದ ಆ ಮನೆಯಲ್ಲಿಯೇ ದಾಸಿಯೊಬ್ಬಳು ಅವಳನ್ನು ಗುಟ್ಟಾಗಿ ಹೆದರಿಸಿ ಹಿಂಸಿಸುತ್ತಿದ್ದಳು. ತಂದೆತಾಯಿಗಳಿಗೆ ಬಹುಕಾಲ ಅದು ತಿಳಿಯಲೇ ಇಲ್ಲ. ತಾಯಿಯು ಸಾಯುವುದಕ್ಕೆ ಕೆಲವೇ ತಿಂಗಳು ಮುಂಚೆ ಅದು ಬೈಲಾಯಿತು. ಆಗ ಝೆಲಿಯು ಮನೆಯ ಮಾನವನ್ನು ಕಾಯಲಿಕ್ಕೆ ಅದನ್ನು ಮುಚ್ಚಲಿಲ್ಲ. ಮಗಳನ್ನು ಆ ದಾಸಿಯ ಕೈಯಿಂದ ಬಿಡಿಸಿ ತನ್ನ ಬಳಿಗೆ ಎಳೆದುಕೊಂಡಳು. ಆ ಕೂಸಿನ ಮನಸ್ಸು ತಾಯಿಯ ಕಡೆಗೆ ತಿರುಗಿತು. ಲಿಯೋನಿಯು ಮುಂದೆ ಮಠಕ್ಕೆ ಹೋಗಿ ಹಲವು ಸಾರಿ ಹಿಂದಿರುಗಿ, ಕಡೆಗೆ 1899ರಲ್ಲಿ ನೆಲೆಗೊಂಡಳು.

ಇದರಿಂದ ನಾವು ತಿಳಿಯತಕ್ಕದ್ದೇನಂದರೆ, ಭಕ್ತರ ಮನೆಯೆಂದರೆ ತಪ್ಪೇ ಇಲ್ಲದ ಮನೆಯಲ್ಲ. ತಪ್ಪು ಬೆಳಕಿಗೆ ಬಂದಾಗ ಬಲಹೀನನ ಪಕ್ಷವಾಗಿ ನಿಲ್ಲುವ ಮನೆಯೇ. ಮಕ್ಕಳು ತಂದೆತಾಯಿಗಳ ಭಕ್ತಿಗೆ ಸಾಕ್ಷಿಪತ್ರಗಳಲ್ಲ. ಅವರು ದೇವರು ಒಪ್ಪಿಸಿದ ಆತ್ಮಗಳು. ಸಂಸಾರವು ಭಕ್ತಿಗೆ ಅಡ್ಡಿಯಲ್ಲ, ಅದರ ಪರೀಕ್ಷೆಯೇ. ಮಠದಲ್ಲಿರುವವನು ಗಂಟೆಯ ಶಬ್ದಕ್ಕೆ ಏಳುವನು. ತಾಯಿಯೋ ಅಳುವ ಕೂಸಿನ ಶಬ್ದಕ್ಕೆ ಏಳುವಳು. ಕರೆಯುವವನು ಒಬ್ಬನೇ.

ಆದಕಾರಣ ಸಹೋದರ ಸಹೋದರಿಯರೇ, ಈ ಸಾಯಂಕಾಲ ಕುಟುಂಬಪ್ರಾರ್ಥನೆಗೆ ಕೂಡುವಾಗ ಮನೆಯವರೆಲ್ಲರ ಮುಖಗಳನ್ನು ನೋಡಿರಿ. ಯಾವ ಮಗುವು ಮಾತಾಡಲು ಹೆದರುತ್ತದೆ? ಯಾವ ಕೂಲಿಯವನ ಕೂಲಿಯು ಇನ್ನೂ ನಮ್ಮ ಕೈಯಲ್ಲಿದೆ? ಅದನ್ನು ಮೊದಲು ಸರಿಪಡಿಸಿ, ಆಮೇಲೆ ಮೊಣಕಾಲೂರೋಣ.