ಬಾಯಿಪಾಠದ ಸತ್ಯಾಸತ್ಯ

ಅರ್ಥವಾಗದ ಮಾತನ್ನು ಅರ್ಥವಾದವರಂತೆ ಬರೆದರೆ ಅದು ಸುಳ್ಳು ಹೇಳಿದಂತಾಗುತ್ತದೆಯೇ? ಮೇಲುನೋಟಕ್ಕೆ ಇದು ಕೆಲಸವಿಲ್ಲದವರ ಪ್ರಶ್ನೆ ಎನ್ನಿಸಬಹುದು. ಆದರೆ ಪರೀಕ್ಷೆಯ ಕಾಲ ಬಂತೆಂದರೆ ನಮ್ಮ ಊರುಗಳಲ್ಲಿ ಸಂಜೆಯ ಹೊತ್ತು ಒಂದು ಬೀದಿ ನಡೆದು ನೋಡಿ. ತಾರಸಿಯ ಮೇಲೆ, ಅಂಗಳದಲ್ಲಿ, ಹಿತ್ತಲ ಕಲ್ಲಿನ ಮೇಲೆ ಹುಡುಗಿಯರು ಪುಸ್ತಕ ಹಿಡಿದು ಇಂಗ್ಲಿಷ್ ಉತ್ತರಗಳನ್ನು ಉರು ಹೊಡೆಯುತ್ತಿರುತ್ತಾರೆ. ಸ್ವಲ್ಪ ಕಿವಿಗೊಟ್ಟು ಕೇಳಿದರೆ ಒಂದು ಸಂಗತಿ ತಿಳಿಯುತ್ತದೆ. ಅವರು ವಾಕ್ಯ ಮುಗಿದ ಕಡೆ ನಿಲ್ಲುವುದಿಲ್ಲ, ಉಸಿರು ಮುಗಿದ ಕಡೆ ನಿಲ್ಲುತ್ತಾರೆ. ಅರ್ಥ ಒಳಗೆ ಇಳಿದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಇವರಲ್ಲಿ ಹೆಚ್ಚಿನವರು ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಗೆ ವಿಜ್ಞಾನವನ್ನೋ ವಾಣಿಜ್ಯವನ್ನೋ ತೆಗೆದುಕೊಂಡ ಹುಡುಗಿಯರು. ಒಂದು ಬೇಸಿಗೆ ರಜೆ ಕಳೆಯುವಷ್ಟರಲ್ಲಿ ಇವರ ಪುಸ್ತಕಗಳ ಭಾಷೆಯೇ ಬದಲಾಗಿಬಿಡುತ್ತದೆ. ನಿನ್ನೆಯವರೆಗೆ ದ್ಯುತಿಸಂಶ್ಲೇಷಣೆಯಾಗಿದ್ದದ್ದು ಇಂದು ಫೋಟೋಸಿಂಥೆಸಿಸ್. ನಿನ್ನೆಯ ವೇಗೋತ್ಕರ್ಷ ಇಂದು ಆಕ್ಸಲರೇಷನ್. ನಿಜ ಹೇಳಬೇಕೆಂದರೆ ಪದಗಳಿಂದ ಇವರಿಗೆ ಅಷ್ಟು ತೊಂದರೆಯಿಲ್ಲ. ಒಂದು ಹೆಸರಿನ ಬದಲು ಇನ್ನೊಂದು ಹೆಸರು. ಕೆಲವು ವಾರಗಳಲ್ಲಿ ರೂಢಿಯಾಗುತ್ತದೆ. ಇವರನ್ನು ಸೋಲಿಸುವುದು ವಾಕ್ಯ. ಮೂರು ಸಾಲು ಉದ್ದದ ಇಂಗ್ಲಿಷ್ ವಾಕ್ಯದಲ್ಲಿ ಯಾರು, ಯಾರಿಗೆ, ಏನು ಮಾಡಿದರು ಎಂಬುದೇ ಸಿಕ್ಕುವುದಿಲ್ಲ.

‘ಇಷ್ಟು ವರ್ಷ ಇಂಗ್ಲಿಷ್ ಕಲಿತಿದ್ದಾರಲ್ಲ, ಏನಾಯಿತು?’ ಎಂದು ನೀವು ಕೇಳಬಹುದು. ಕಲಿತಿದ್ದಾರೆ. ನಮ್ಮ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಮೊದಲು ಐದನೆಯ ತರಗತಿಯಿಂದ ಇದ್ದ ಇಂಗ್ಲಿಷ್, 2007ರಿಂದ ಒಂದನೆಯ ತರಗತಿಗೇ ಬಂದಿದೆ. ವ್ಯಾಕರಣವನ್ನೂ ಹೇಳಿಕೊಟ್ಟಿರುತ್ತೇವೆ. ಕರ್ತರಿಯನ್ನು ಕರ್ಮಣಿಗೆ ಬದಲಾಯಿಸು, ಬಿಟ್ಟ ಸ್ಥಳ ತುಂಬು, ಸರಿಯಾದ ಕ್ರಿಯಾಪದ ಆರಿಸು. ಹುಡುಗಿಯರು ಇದನ್ನೆಲ್ಲ ಚೆನ್ನಾಗಿಯೇ ಮಾಡುತ್ತಾರೆ. ಆದರೆ ಅದೇ ಕರ್ಮಣಿ ಪ್ರಯೋಗ ಭೌತಶಾಸ್ತ್ರದ ಪುಸ್ತಕದಲ್ಲಿ ಎದುರಾದರೆ ಗುರುತು ಹಿಡಿಯುವುದಿಲ್ಲ. ವ್ಯಾಕರಣದ ಪೀರಿಯಡ್ಡಿನಲ್ಲಿ ಕಂಡವನು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ‘ಇವರನ್ನು ಎಲ್ಲೋ ನೋಡಿದ್ದೇನೆ’ ಎಂದು ಮುಂದೆ ಹೋದಂತೆ! ಹೀಗೆ ಓದಲು ಬಾರದಾಗ ಉಳಿಯುವ ದಾರಿ ಒಂದೇ. ಉತ್ತರವನ್ನು ಇಡಿಯಾಗಿ ಬಾಯಿಪಾಠ ಮಾಡುವುದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬಾಯಿಪಾಠವೇ ತಪ್ಪೆಂದು ನಾನು ಹೇಳಲಾರೆ. ಮಗ್ಗಿ ಬಾಯಿಪಾಠವಾಗದೆ ಲೆಕ್ಕ ಓಡುವುದಿಲ್ಲ. ನಮ್ಮ ಅಜ್ಜಿಯಂದಿರಿಗೆ ಅಕ್ಷರ ಬಾರದಿದ್ದರೂ ನೂರಾರು ಹಾಡುಗಳು ಬಾಯಿಗೆ ಬರುತ್ತಿದ್ದವು. ಸಂಸ್ಕೃತದ ಒಂದು ಪದ ಗೊತ್ತಿಲ್ಲದವರೂ ವಿಷ್ಣು ಸಹಸ್ರನಾಮವನ್ನು ಎಲ್ಲೂ ತಡವರಿಸದೆ ಹೇಳುತ್ತಾರೆ. ಅವರನ್ನು ಸುಳ್ಳು ಹೇಳುವವರು ಎನ್ನಲಾದೀತೇ? ಖಂಡಿತ ಇಲ್ಲ. ಯಾಕೆಂದರೆ ‘ಇದರ ಅರ್ಥ ನನಗೆ ಗೊತ್ತು’ ಎಂದು ಅವರು ಯಾರಿಗೂ ಹೇಳಿಕೊಳ್ಳುತ್ತಿಲ್ಲ. ಭಕ್ತಿಯಿಂದ ಹೇಳುತ್ತಾರೆ, ಅಷ್ಟೆ. ಅಲ್ಲಿ ಮೋಸವಿಲ್ಲ.

ಪರೀಕ್ಷೆಯ ಉತ್ತರ ಹಾಗಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಬರೆಯುವುದೆಂದರೆ ‘ಇದು ನನಗೆ ತಿಳಿದಿದೆ’ ಎಂದು ಸಹಿ ಹಾಕಿ ಕೊಟ್ಟಂತೆ. ತಿಳಿಯದೆ ಆ ಸಹಿ ಹಾಕಿದರೆ ಎಲ್ಲೋ ಒಂದು ಅಸತ್ಯ ನುಸುಳುತ್ತದೆ. ಇದು ಇಂಗ್ಲಿಷ್ ಬಂದ ಮೇಲೆ ಹುಟ್ಟಿದ ಚಿಂತೆಯೂ ಅಲ್ಲ. ವೇದವನ್ನು ಕಲಿತೂ ಅದರ ಅರ್ಥ ತಿಳಿಯದವನು ಹೊರೆ ಹೊತ್ತ ಬರಿಯ ಕಂಬದಂತೆ ಎಂಬ ಮಾತು ಯಾಸ್ಕನ ನಿರುಕ್ತದಲ್ಲಿಯೇ ಬರುತ್ತದೆ. ಬಾಯಿಪಾಠವನ್ನೇ ನೆಚ್ಚಿಕೊಂಡಿದ್ದ ಕಾಲದಲ್ಲಿಯೂ ಅರ್ಥವಿಲ್ಲದ ಪಾಠವನ್ನು ಹೊರೆ ಎಂದು ಕರೆದವರಿದ್ದರು.

ಹಾಗಾದರೆ ಈ ಅಸತ್ಯ ಯಾರದು? ಹುಡುಗಿಯದೇ? ನನಗೆ ಹಾಗೆ ಅನ್ನಿಸುವುದಿಲ್ಲ. ನೋಟ್ಸ್ ಬರೆಸಿ ‘ಇಷ್ಟು ಕಲಿತರೆ ಸಾಕು’ ಎನ್ನುವ ಉಪನ್ಯಾಸಕರಿದ್ದಾರೆ. ಬರಿಯ ಪ್ರಶ್ನೋತ್ತರಗಳನ್ನೇ ಅಚ್ಚು ಹಾಕಿ ಮಾರುವ ಗೈಡುಗಳಿವೆ. ಹೋದ ವರ್ಷದ ಪ್ರಶ್ನೆಯನ್ನೇ ತಿರುಗಿಸಿ ಕೇಳುವ ಪ್ರಶ್ನೆಪತ್ರಿಕೆಯಿದೆ. ‘ಪಕ್ಕದ ಮನೆಯವಳಿಗೆ ಎಷ್ಟು ಬಂತು?’ ಎಂದು ವಿಚಾರಿಸುವ ನಾವಿದ್ದೇವೆ. ಇಷ್ಟೆಲ್ಲ ಕೈಗಳನ್ನು ದಾಟಿ ಬಂದ ಸುಳ್ಳು ಕೊನೆಗೆ ಹುಡುಗಿಯ ಲೇಖನಿಯಿಂದ ಇಳಿಯುತ್ತದೆ. ಲೇಖನಿ ಅವಳದು, ಸುಳ್ಳು ಎಲ್ಲರದು. ತರಗತಿಯಲ್ಲಿ ‘ಅರ್ಥವಾಯ್ತಾ?’ ಎಂದು ನಾವು ಕೇಳುತ್ತೇವೆ. ‘ಆಯ್ತು ಮಿಸ್’ ಎಂದು ಅರವತ್ತು ಕಂಠಗಳು ರಾಗವಾಗಿ ಹೇಳುತ್ತವೆ. ಆ ಪ್ರಶ್ನೆಗೆ ಬೇರೆ ಉತ್ತರವೂ ಇರಬಹುದೆಂದು ನಮ್ಮ ಮಕ್ಕಳಿಗೆ ಅನ್ನಿಸುವುದೇ ಇಲ್ಲ. ನನ್ನ ದೃಷ್ಟಿಯಲ್ಲಿ ಓದಿನ ಮೊದಲ ಪಾಠವೇ ಇದು: ಯಾವುದು ಅರ್ಥವಾಗಲಿಲ್ಲ ಎಂಬುದನ್ನು ಗುರುತಿಸುವುದು, ಗುರುತಿಸಿ ಬಾಯಿಬಿಟ್ಟು ಹೇಳುವುದು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪಿಯುಸಿ ವಿಜ್ಞಾನ ಓದುತ್ತಿದ್ದಾಗ ರಜೆಯ ದಿನಗಳಲ್ಲಿ ಮನೆಗೆ ಬರುತ್ತಿದ್ದಳು. ಭೌತಶಾಸ್ತ್ರದ ‘ವರ್ಕ್’ ಎಂಬ ಪಾಠದಿಂದ ಒಂದು ಉತ್ತರವನ್ನು ಒಪ್ಪಿಸಿದಳು. ತಲೆಯ ಮೇಲೆ ಭಾರ ಹೊತ್ತು ಸಮತಟ್ಟಾದ ನೆಲದ ಮೇಲೆ ಒಂದೇ ವೇಗದಲ್ಲಿ ನಡೆದರೆ, ಭಾರವನ್ನು ಎತ್ತಿ ಹಿಡಿದ ಬಲ ಯಾವ ವರ್ಕನ್ನೂ ಮಾಡಿದಂತಲ್ಲ ಎಂಬುದು ಅದರ ಸಾರ. ಆ ಉತ್ತರಕ್ಕೆ ಕಿರುಪರೀಕ್ಷೆಯಲ್ಲಿ ಪೂರ್ತಿ ಅಂಕಗಳೂ ಬಂದಿದ್ದವು. ‘ಪುಸ್ತಕ ಮುಚ್ಚು. ಈಗ ಅದನ್ನೇ ಕನ್ನಡದಲ್ಲಿ ಹೇಳು’ ಎಂದೆ. ತುಸು ಹೊತ್ತು ಸುಮ್ಮನಿದ್ದು, ನಕ್ಕು, ‘ಮಿಸ್, ಇದನ್ನು ಬರೆದವರು ಒಂದು ದಿನವೂ ನೀರು ಹೊತ್ತಿಲ್ಲ ಅನ್ನಿಸುತ್ತೆ’ ಎಂದಳು.

ಎಂಥ ಒಳ್ಳೆಯ ಮಾತು! ಅವಳು ‘ವರ್ಕ್’ ಎಂದರೆ ನಾವು ಮನೆಯಲ್ಲಿ ಮಾಡುವ ಕೆಲಸ ಎಂದೇ ತಿಳಿದಿದ್ದಳು. ಕೊಡ ಹೊತ್ತು ಕತ್ತು ನೋಯಿಸಿಕೊಂಡವಳಿಗೆ ‘ಕೆಲಸವೇ ನಡೆದಿಲ್ಲ’ ಎಂದರೆ ನಗು ಬಾರದೆ ಇನ್ನೇನು? ಪುಸ್ತಕದ ವಾಕ್ಯ ಹೇಳುವುದು ಬೇರೆ. ಅಲ್ಲಿ ‘ವರ್ಕ್’ ಎಂಬುದು ಬಲದ ದಿಕ್ಕಿನಲ್ಲಿ ಆದ ಚಲನೆಗೆ ಸಂಬಂಧಿಸಿದ ಲೆಕ್ಕ. ಕೊಡವನ್ನು ಎತ್ತಿ ಹಿಡಿದ ಬಲ ಮೇಲಕ್ಕೆ, ನಡಿಗೆ ಅಡ್ಡಕ್ಕೆ. ಆದ್ದರಿಂದ ಆ ಲೆಕ್ಕದಲ್ಲಿ ಸೊನ್ನೆ. ಇದನ್ನು ತಿಳಿಸಿದಾಗ ಅವಳ ಮುಖ ಅರಳಿತು. ತನ್ನ ಅನುಮಾನ ದಡ್ಡತನವಲ್ಲ, ತಿಳಿವಿನ ಬಾಗಿಲು ಎಂದು ಅವಳಿಗೆ ಅಂದಿನವರೆಗೆ ಯಾರೂ ಹೇಳಿರಲಿಲ್ಲ. ಪೂರ್ತಿ ಅಂಕ ಪಡೆದ ಉತ್ತರಕ್ಕಿಂತ ನೀರಿನ ಕೊಡದ ಆ ಆಕ್ಷೇಪಣೆಯಲ್ಲಿಯೇ ಹೆಚ್ಚು ಸತ್ಯವಿತ್ತು.

ವ್ಯಾಕರಣದ ನಿಜವಾದ ಉಪಯೋಗವೂ ಇಲ್ಲಿಯೇ ಇದೆ ಎಂದು ನಾನು ತಿಳಿದಿದ್ದೇನೆ. ವ್ಯಾಕರಣವೆಂದರೆ ಇನ್ನೊಬ್ಬರ ತಪ್ಪು ಹಿಡಿದು ನಗುವ ವಿದ್ಯೆಯೆಂದು ಅನೇಕರು ಭಾವಿಸಿದ್ದಾರೆ. ಓದುವವಳಿಗೆ ಅದು ಕೈದೀಪ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಕರ್ತೃವಿನ ಹಿಂದೆಯೇ ಬರುತ್ತದೆ. ‘ನಿನ್ನೆ ಬಂದ ಹುಡುಗಿ’ ಎಂದು ನಾವು ವಿವರಣೆಯನ್ನು ಮೊದಲಿಟ್ಟು ಹುಡುಗಿಯನ್ನು ಆಮೇಲೆ ತರುತ್ತೇವೆ. ಇಂಗ್ಲಿಷಿನವರು ಹುಡುಗಿಯನ್ನು ಮೊದಲು ಕೂರಿಸಿ, ‘ಹೂ’ ಎಂದು ಸೇರಿಸಿ, ವಿವರಣೆಯನ್ನು ಹಿಂದಿನಿಂದ ಹೇಳುತ್ತಾರೆ. ಪಠ್ಯಪುಸ್ತಕದ ಉದ್ದ ವಾಕ್ಯಗಳಲ್ಲಿ ಈ ‘ಹೂ’, ‘ವಿಚ್’ಗಳ ವಿವರಣೆಯೇ ಎರಡು ಸಾಲು ಬೆಳೆದು, ಕರ್ತೃ ಒಂದು ಕಡೆ, ಕ್ರಿಯಾಪದ ಇನ್ನೊಂದು ಕಡೆ ಉಳಿದುಬಿಡುತ್ತವೆ. ಗಂಡು ಹೆಣ್ಣಿನ ನಡುವೆ ಇಡೀ ದಿಬ್ಬಣವೇ ಬಂದು ಕುಳಿತ ಹಾಗೆ! ಆಗ ಪೆನ್ಸಿಲಿನಿಂದ ನಡುವಿನ ಭಾಗಕ್ಕೆ ಒಂದು ಆವರಣ ಹಾಕಿ, ‘ಯಾರು? ಏನಾಯಿತು?’ ಎಂದು ಕೇಳಿಕೊಂಡರೆ ವಾಕ್ಯ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕರ್ತೃ, ಕರ್ಮ, ಕ್ರಿಯಾಪದ ಎಂಬ ಮಾತುಗಳನ್ನು ನಮ್ಮ ಹುಡುಗಿಯರು ಕನ್ನಡ ವ್ಯಾಕರಣದಲ್ಲಿ ಆಗಲೇ ಕಲಿತಿದ್ದಾರೆ. ಆ ಗಂಟನ್ನು ಬಿಚ್ಚಿ ಇಲ್ಲಿ ಬಳಸಬೇಕು, ಅಷ್ಟೆ.

ಚಿಕ್ಕಪುಟ್ಟ ಪದಗಳ ಮೇಲೂ ಕಣ್ಣಿರಬೇಕು. ನ್ಯೂಟನ್ನನ ಮೊದಲನೆಯ ನಿಯಮದಲ್ಲಿ ‘ಅನ್‌ಲೆಸ್’ ಎಂಬ ಒಂದು ಪದ ಬರುತ್ತದೆ. ಹೊರಗಿನ ಬಲ ಬೀಳದ ಹೊರತು ನಿಂತ ವಸ್ತು ನಿಂತೇ ಇರುತ್ತದೆ, ಚಲಿಸುವ ವಸ್ತು ಅದೇ ವೇಗದಲ್ಲಿ ನೇರವಾಗಿ ಚಲಿಸುತ್ತಲೇ ಇರುತ್ತದೆ ಎನ್ನುವಾಗಿನ ‘ಹೊರತು’ ಅದು. ಅದನ್ನು ಹಾರಿಸಿ ಓದಿದರೆ ನಿಯಮವೇ ತಲೆಕೆಳಗಾಗುತ್ತದೆ. ‘ಹೌವೆವರ್’, ‘ಆಲ್ದೋ’, ‘ದೇರ್‌ಫೋರ್’ ಇವೆಲ್ಲ ದಾರಿಯ ತಿರುವಿನಲ್ಲಿ ನೆಟ್ಟ ಕೈಕಂಬಗಳು. ದೊಡ್ಡ ಪದಗಳನ್ನು ಹುಡುಕಲು ನಿಘಂಟು ತೆಗೆಯುವವರು ಈ ಸಣ್ಣ ಪದಗಳಲ್ಲಿ ಎಡವುತ್ತಾರೆ.

ಮಾತಿಗಿಂತ ಮೊದಲು ಓದು ಬೇಕೆಂದು ನಮಗಿಂತ ಬಹಳ ಹಿಂದೆ, ನಮ್ಮಂಥ ಮಕ್ಕಳನ್ನೇ ಕಂಡು ಹೇಳಿದವರೊಬ್ಬರಿದ್ದಾರೆ. ಮೈಕೇಲ್ ವೆಸ್ಟ್ ಎಂಬ ಆಂಗ್ಲ ಶಿಕ್ಷಣತಜ್ಞರು ಆಗಿನ ಬಂಗಾಳದ ಢಾಕಾದಲ್ಲಿ ಶಿಕ್ಷಕರ ತರಬೇತಿಯ ಕೆಲಸದಲ್ಲಿದ್ದರು. 1926ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಜೀವವಿಮೆಯವರ ಒಂದು ಮಾತನ್ನು ಪಾಠಕ್ಕೆ ಅನ್ವಯಿಸಿದರು. ಅದು ‘ಸರೆಂಡರ್ ವ್ಯಾಲ್ಯೂ’. ಪಾಲಿಸಿಯನ್ನು ನಡುವೆ ನಿಲ್ಲಿಸಿದರೆ ಕೈಗೆ ಎಷ್ಟು ಬರುತ್ತದೆ ಎಂದು ನಾವು ಕೇಳುವುದಿಲ್ಲವೇ? ಹಾಗೆಯೇ, ಶಾಲೆಯನ್ನು ನಡುವೆ ಬಿಟ್ಟ ಮಗುವಿನ ಕೈಯಲ್ಲಿ ಏನು ಉಳಿಯುತ್ತದೆ ಎಂಬುದು ಅವರ ಪ್ರಶ್ನೆ. ಅರ್ಧ ಕಲಿತ ನಿಯಮಗಳಿಂದ ಏನೂ ಉಳಿಯದು. ಅರ್ಧ ಕಲಿತರೂ ಓದು ಉಳಿಯುತ್ತದೆ, ಮನೆಯಲ್ಲಿ ಕುಳಿತೂ ಬೆಳೆಯುತ್ತದೆ. ಬಹಳ ಬಳಕೆಯಲ್ಲಿರುವ ಸುಮಾರು 2000 ಪದಗಳನ್ನು ಆರಿಸಿದ ಅವರ ಪಟ್ಟಿಯೊಂದು 1953ರಲ್ಲಿ ಹೊರಬಂತು. ‘ಎಲ್ಲಿಂದ ಶುರುಮಾಡಲಿ?’ ಎನ್ನುವವರಿಗೆ ಅಂಥ ಪಟ್ಟಿ ಒಂದು ಆಸರೆ.

ಈ ‘ನಡುವೆ ಬಿಟ್ಟವಳು’ ನಮಗೆ ಅಪರಿಚಿತಳಲ್ಲ. ಒಳ್ಳೆಯ ಸಂಬಂಧ ಬಂತೆಂದು, ತಮ್ಮನ ಓದಿಗೆ ಹಣ ಬೇಕೆಂದು, ಅಮ್ಮನಿಗೆ ಹುಷಾರಿಲ್ಲವೆಂದು ಓದು ನಿಲ್ಲಿಸಿದವಳು ಪ್ರತಿ ಬೀದಿಯಲ್ಲೂ ಇದ್ದಾಳೆ. ಅವಳು ಉರು ಹೊಡೆದ ಉತ್ತರಗಳು ಮರು ವರ್ಷಕ್ಕೇ ಮರೆತುಹೋಗುತ್ತವೆ. ಓದಲು ಕಲಿತಿದ್ದರೆ ಅದನ್ನು ಅವಳಿಂದ ಯಾರೂ ಕಿತ್ತುಕೊಳ್ಳಲಾರರು.

‘ಇದೆಲ್ಲ ಹೇಳಲು ಚೆನ್ನ. ಪರೀಕ್ಷೆ ತಲೆಯ ಮೇಲಿರುವಾಗ ಒಂದೊಂದು ವಾಕ್ಯ ಬಿಡಿಸುತ್ತ ಕೂರಲು ಸಮಯವೆಲ್ಲಿ?’ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಬಡ ಮನೆಯ ಹುಡುಗಿಗೆ ಅಂಕ ಎಂದರೆ ವಿದ್ಯಾರ್ಥಿವೇತನ, ಹಾಸ್ಟೆಲ್ ಸೀಟು, ಮದುವೆಯನ್ನು ಎರಡು ವರ್ಷ ಮುಂದೆ ಹಾಕುವ ಬಲ. ಅಂಥವಳು ಬಾಯಿಪಾಠ ಮಾಡಿ ಪಾಸಾದರೆ ಅವಳನ್ನು ದೂರುವ ಹಕ್ಕು ನನಗಿಲ್ಲ. ಆದರೆ ದಿನಕ್ಕೆ ಒಂದೇ ಒಂದು ಪ್ಯಾರಾ ಸಾಕು. ಅಮೆರಿಕದ ಫ್ರಾನ್ಸಿಸ್ ರಾಬಿನ್ಸನ್ ಎಂಬವರು 1946ರ ಪುಸ್ತಕವೊಂದರಲ್ಲಿ ಕಾಲೇಜು ಹುಡುಗರಿಗೆ ಐದು ಹೆಜ್ಜೆಗಳ ಕ್ರಮ ಹೇಳಿಕೊಟ್ಟರು. ಮೊದಲು ಶೀರ್ಷಿಕೆಗಳ ಮೇಲೆ ಕಣ್ಣಾಡಿಸು, ಪ್ರಶ್ನೆ ಹಾಕಿಕೋ, ಉತ್ತರ ಹುಡುಕುತ್ತ ಓದು, ಪುಸ್ತಕ ಮುಚ್ಚಿ ಸ್ವಂತ ಮಾತಿನಲ್ಲಿ ಹೇಳಿಕೋ, ಕೊನೆಗೆ ಮತ್ತೊಮ್ಮೆ ನೋಡು. ನಾಲ್ಕನೆಯದೇ ಇವುಗಳ ಜೀವ. ಆ ಸ್ವಂತ ಮಾತು ಕನ್ನಡವಾದರೆ ನಷ್ಟವೇನೂ ಇಲ್ಲ. ಕನ್ನಡದಲ್ಲಿ ಹೇಳಲು ಬಂದದ್ದು ಅರ್ಥವಾದದ್ದು; ಇಂಗ್ಲಿಷಿನಲ್ಲಿ ಬರೆಯುವುದು ಅದರ ಮುಂದಿನ ಕೆಲಸ.

ಈಗಂತೂ ಪುಟದ ಮುಂದೆ ಮೊಬೈಲ್ ಹಿಡಿದರೆ ಅದೇ ಕನ್ನಡ ಮಾಡಿ ತೋರಿಸುತ್ತದೆ. ಬೇಡವೆನ್ನುವುದು ಯಾಕೆ, ಬಳಸಲಿ. ಆದರೆ ಅನುವಾದ ಸಿಕ್ಕಿತು ಎಂದಮಾತ್ರಕ್ಕೆ ಅರ್ಥ ಸಿಕ್ಕಿತು ಎಂದಲ್ಲ. ಮೊಬೈಲು ‘ವರ್ಕ್’ ಎಂಬುದಕ್ಕೆ ‘ಕೆಲಸ’ ಎಂದು ಕೊಟ್ಟರೂ ನೀರಿನ ಕೊಡದ ಅನುಮಾನ ಹಾಗೆಯೇ ಉಳಿಯುತ್ತದೆ. ಅರ್ಥವಾಯಿತೋ ಇಲ್ಲವೋ ಎಂಬ ತೀರ್ಪನ್ನು ಅವಳ ಮನಸ್ಸೇ ಕೊಡಬೇಕು.

‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂದು ಹಿರಿಯರು ಹೇಳುತ್ತಿದ್ದರು. ಒಕ್ಕಾಲಾದರೂ ಪ್ರಾಮಾಣಿಕವಾಗಿರಲಿ ಎಂಬುದಷ್ಟೇ ನನ್ನ ಮಾತು. ಯಾಕೆಂದರೆ ಪರೀಕ್ಷೆ ಮುಗಿದ ಮೇಲೂ ನಮ್ಮ ಹೆಣ್ಣುಮಕ್ಕಳ ಮುಂದೆ ಇಂಗ್ಲಿಷ್ ಕಾಗದಗಳು ಬರುತ್ತಲೇ ಇರುತ್ತವೆ. ಆಸ್ಪತ್ರೆಯ ಒಪ್ಪಿಗೆ ಪತ್ರ, ಬ್ಯಾಂಕಿನ ಸಾಲದ ಅರ್ಜಿ, ವಿಮೆಯ ಷರತ್ತುಗಳು. ‘ಇಲ್ಲಿ ಒಂದು ಸಹಿ ಹಾಕಿ’ ಎಂದು ಯಾರೋ ಬೆರಳಿಟ್ಟು ತೋರಿಸುತ್ತಾರೆ. ಹತ್ತು ವರ್ಷ ‘ಆಯ್ತು ಮಿಸ್’ ಎಂದು ರೂಢಿಯಾದವಳು ಸುಮ್ಮನೆ ಸಹಿ ಹಾಕುತ್ತಾಳೆ. ಓದಲು ಕಲಿತವಳು ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ‘ಈ ಸಾಲು ನನಗೆ ಅರ್ಥವಾಗಲಿಲ್ಲ, ಸ್ವಲ್ಪ ಹೇಳಿ’ ಎನ್ನುತ್ತಾಳೆ.