ಬೇಲಿ ದಾಟುವ ಚೆಲುವು

ಹೂಗಿಡದ ಕಡ್ಡಿ ಕೇಳಿದವರಿಗೆ ಇಲ್ಲವೆನ್ನಬಾರದು ಎಂಬುದು ನಮ್ಮ ಹೆಂಗಸರ ನಡುವಿನ ಬರೆಯದ ನಿಯಮ. ಅರಿಶಿನ-ಕುಂಕುಮಕ್ಕೆ ಬಂದವರು ಹೊರಡುವಾಗ ಗೇಟಿನ ಬಳಿ ನಿಂತು, ಮಾತಿನ ನಡುವೆಯೇ ಒಂದು ಕಡ್ಡಿ ಮುರಿದುಕೊಳ್ಳುವುದೂ ಸ್ನೇಹದ ಒಂದು ಬಗೆ. ಆದರೆ ಕೊಟ್ಟ ಗಿಡ ನೆಟ್ಟ ಕಡೆಯೇ ನಿಲ್ಲದಿದ್ದರೆ?

ಲಂಟಾನವನ್ನೇ ನೋಡಿ. ಅಮೆರಿಕ ಖಂಡದ ಈ ಗಿಡವನ್ನು 19ನೆಯ ಶತಮಾನದ ಮೊದಲ ಭಾಗದಲ್ಲಿ ಬ್ರಿಟಿಷರು ನಮ್ಮ ನೆಲಕ್ಕೆ ತಂದದ್ದು ಉದ್ಯಾನದ ಅಲಂಕಾರಕ್ಕೆಂದು. ಒಂದೇ ಗೊಂಚಲಿನಲ್ಲಿ ಹಳದಿ, ಕೇಸರಿ, ಗುಲಾಬಿ. ಯಾರಿಗೆ ತಾನೆ ಬೇಡವೆನಿಸೀತು? ಅದರ ಕರಿಯ ಹಣ್ಣು ತಿಂದ ಪಿಕಳಾರಗಳು ಬೀಜವನ್ನು ದೂರ ದೂರಕ್ಕೆ ಒಯ್ದವು. ಇಂದು ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಅದು ಆಳೆತ್ತರಕ್ಕೆ ಹೆಣೆದುಕೊಂಡಿದೆ. ಅದರಡಿಯಲ್ಲಿ ಹುಲ್ಲು ಏಳದು, ನೆಲ್ಲಿಯ ಸಸಿಗೆ ಬಿಸಿಲು ಸಿಗದು. ಎಲೆಯೋ, ದನಕರುಗಳಿಗೆ ವಿಷ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಮೇಜು ಮಾಡಲು ಕಲಿತಿದ್ದಾರೆ, ನಿಜ. ಆದರೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ನೆಟ್ಟವರ ಕಣ್ಣು ಉಂಡ ಸುಖದ ಬೆಲೆಯನ್ನು ಕಾಡಿನವರು ತೆರುತ್ತಿದ್ದಾರೆ.

ಹಾಗೆಂದು ಪರದೇಶದ್ದೆಂಬ ಕಾರಣಕ್ಕೇ ದೂರುವುದು ನ್ಯಾಯವಲ್ಲ. ದಸರೆಗೆ ಬಾಗಿಲಿಗೆ ಕಟ್ಟುವ ಚೆಂಡುಹೂ ಮೆಕ್ಸಿಕೋ ಕಡೆಯದು. ಸಾರಿಗೆ ಹಾಕುವ ಮೆಣಸಿನಕಾಯಿಯೂ ಅತ್ತಲಿನದೇ. ಅವು ನಮ್ಮೊಡನೆ ಹೊಂದಿಕೊಂಡು ಬಾಳುತ್ತಿವೆ. ಕೇಳಬೇಕಾದದ್ದು ಗಿಡದ ಹುಟ್ಟೂರನ್ನಲ್ಲ, ನಡತೆಯನ್ನು: ಅದು ಬೇರೆಯವರಿಗೂ ಜಾಗ ಬಿಡುತ್ತದೆಯೇ?

ಗೆಳತಿಯೊಬ್ಬರು ಪ್ರೀತಿಯಿಂದ ತಂದುಕೊಟ್ಟ ಹಳದಿ ಹೂವಿನ ವೆಡೇಲಿಯಾ ಬಳ್ಳಿಯನ್ನು ನೆಡಲಾರೆ ಎಂದಾಗ ಅವರಿಗೆ ನೋವಾಯಿತು. ಲಂಟಾನದಂತೆ ಅದೂ 2000ದಲ್ಲಿ ಪ್ರಕಟವಾದ, ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಗೆಣ್ಣು ಗೆಣ್ಣಿಗೂ ಬೇರು ಬಿಡುವ ಬಳ್ಳಿ. ಕತ್ತರಿಸಿ ಎಸೆದ ತುಂಡೂ ಬದುಕುತ್ತದೆ. "ನನ್ನ ಕಾಂಪೌಂಡಿನೊಳಗೆ ನಾನು ಏನು ಬೆಳೆಸಿದರೆ ಯಾರಿಗೇನು?" ಎಂದರು ಅವರು.

ಆ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ದಿನವಿಡೀ ಎಲ್ಲರ ಇಷ್ಟಕ್ಕೆ ತಕ್ಕಂತೆ ಅಡಿಗೆ ಮಾಡುವ ಹೆಂಗಸಿಗೆ ತನ್ನಿಷ್ಟ ನಡೆಯುವ ಜಾಗವೆಂದರೆ ಎಷ್ಟೋ ಮನೆಗಳಲ್ಲಿ ಆ ಹತ್ತಡಿ ಅಂಗಳವೊಂದೇ. ಅಲ್ಲಿಯೂ ಬೇಡವೆನ್ನಲು ಬಾಯಿ ಬರುವುದಿಲ್ಲ. ಆದರೆ ಕಾಂಪೌಂಡು ಕಟ್ಟಿಕೊಂಡವರು ನಾವು. ಬೀಜಕ್ಕೆ, ಬೇರಿಗೆ, ಹಕ್ಕಿಗೆ ಅದು ಲೆಕ್ಕಕ್ಕಿಲ್ಲ. ಹೊರಗೆ ಮೇವಿಗಾಗಿ ಅಲೆಯುವ ದನವಾಗಲಿ, ನೆಲ್ಲಿಕಾಯಿ ಆರಿಸಿ ಬದುಕುವ ಸೋಲಿಗರ ಹೆಂಗಸಾಗಲಿ ನಮ್ಮ ಗೇಟಿಗೆ ಬಂದು ದೂರು ಹೇಳುವುದಿಲ್ಲ. ದೂರು ಹೇಳಲಾರದವರ ಪರವಾಗಿ ನಾವೇ ಯೋಚಿಸಬೇಕಾಗುತ್ತದೆ.

ಗೆಳತಿಗೆ ನಮ್ಮ ಮನೆಯ ಕನಕಾಂಬರದ ಸಸಿ ಕೊಟ್ಟೆ. ಸ್ನೇಹಕ್ಕೆ ಕೊರತೆಯಾಗಲಿಲ್ಲ.

ಹೂವನ್ನು ಪ್ರೀತಿಸುವುದು ತಪ್ಪಲ್ಲ. ನಮ್ಮ ಕಣ್ಣಿಗೆ ಕಾಣದ ಕಡೆ ಅದು ಏನು ಮಾಡುತ್ತದೆಂದು ವಿಚಾರಿಸಿಕೊಳ್ಳುವುದೂ ಆ ಪ್ರೀತಿಗೆ ಸೇರಿದ್ದೇ.